ಡಯಾಲಿಸಿಸ್ ಹತ್ತಿರ, ಕಸಿ ದೂರ

ಕಲಬುರಗಿ ಜಿಲ್ಲೆಯ ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚಕ (ಜಿಐ) ಮಾನ್ಯತೆಯಿದೆ. ಅದೇ ಊರಿನಲ್ಲಿ ಕಿಡ್ನಿ ಕೈಕೊಟ್ಟವರಿಗೆ ಮಾತ್ರ ಆ ಹಣ್ಣು ವರ್ಜ್ಯ. ಬಾಳೆಹಣ್ಣಿನ ಪೊಟ್ಯಾಸಿಯಂ ಹೊರಹಾಕುವ ಶಕ್ತಿ ಸೋತ ಕಿಡ್ನಿಗಿಲ್ಲ. ಅದು ರಕ್ತದಲ್ಲಿ ಏರಿತೆಂದರೆ ಎದೆಬಡಿತವೇ ತಪ್ಪುತ್ತದೆ. ನೀರಿಗೂ ಅಳತೆ. ಮೇ ತಿಂಗಳ ಕಲಬುರಗಿ ಬಿಸಿಲಲ್ಲಿ ಬಾಯಿ ಒಣಗುತ್ತಿದ್ದರೂ ಲೋಟ ಎಣಿಸಿಯೇ ಕುಡಿಯಬೇಕು. ಕಲಬುರಗಿಯ ಶಹಾಬಜಾರ ನಾಕಾದ ಕಡೆಯಿಂದ ವಾರಕ್ಕೆ ಎರಡು ಮೂರು ಸಲ ಆಟೋ ಹತ್ತಿ ಡಯಾಲಿಸಿಸ್‌ಗೆ ಹೋಗುವವರ ತೋಳಿನ ಮೇಲೆ ಉಬ್ಬಿದ ನರ ಕಾಣುತ್ತದೆ. ಅದು ಫಿಸ್ಟುಲಾ. ಶುದ್ಧ ರಕ್ತನಾಳವನ್ನು ಮಲಿನ ರಕ್ತನಾಳಕ್ಕೆ ಜೋಡಿಸಿ ಮಾಡಿದ್ದು. ಬೆರಳಿಟ್ಟರೆ ಒಳಗೆ ಗುಂಯ್ ಎಂದು ನಡುಗುತ್ತದೆ. ಆ ನಡುಕ ನಿಂತಿತೆಂದರೆ ಮುಂದಿನ ಡಯಾಲಿಸಿಸ್‌ಗೆ ದಾರಿ ಮುಚ್ಚಿತೆಂದೇ ಅರ್ಥ. ಅದಕ್ಕೇ ರೋಗಿಗಳು ಬೆಳಗಾದರೆ ಮೊದಲು ಅದನ್ನೇ ಮುಟ್ಟಿ ನೋಡಿಕೊಳ್ಳುತ್ತಾರೆ.

ಈ ಡಯಾಲಿಸಿಸ್‌ನಿಂದ ಬಿಡುಗಡೆ ಎಂದರೆ ಕಸಿ. 1954ರ ಡಿಸೆಂಬರಿನಲ್ಲಿ ಬಾಸ್ಟನ್ನಿನ ಜೋಸೆಫ್ ಮರ್ರೆ ತದ್ರೂಪಿ ಅವಳಿ ಸಹೋದರರಲ್ಲಿ ಒಬ್ಬರ ಕಿಡ್ನಿಯನ್ನು ಇನ್ನೊಬ್ಬರಿಗೆ ಕೂರಿಸಿ ಗೆದ್ದರು. ಅವಳಿಗಳಾದ್ದರಿಂದ ದೇಹ ತಕರಾರು ಮಾಡಲಿಲ್ಲ. ಉಳಿದವರ ದೇಹ ಪರರ ಅಂಗವನ್ನು ಒಪ್ಪುವಂತೆ ಮಾಡಲು ಒಳ್ಳೆಯ ಔಷಧಿಯೇ ಬರಬೇಕಾಯಿತು. ಸೈಕ್ಲೋಸ್ಪೊರಿನ್ ಅಮೆರಿಕದಲ್ಲಿ ಒಪ್ಪಿಗೆ ಪಡೆದದ್ದು 1983ರಲ್ಲಿ. ಭಾರತದ ಮೊದಲ ಯಶಸ್ವಿ ಕಿಡ್ನಿ ಕಸಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಆಯಿತು. ಹಳೆಯ ಕಿಡ್ನಿಗಳನ್ನು ಸಾಮಾನ್ಯವಾಗಿ ತೆಗೆಯುವುದಿಲ್ಲ ಎಂಬುದು ಎಷ್ಟೋ ಜನರಿಗೆ ಗೊತ್ತಿಲ್ಲ. ಹೊಸದನ್ನು ಕಿಬ್ಬೊಟ್ಟೆಯ ಒಂದು ಬದಿಗೆ ಕೂರಿಸುತ್ತಾರೆ. ಕಸಿಯಾದವರ ಹೊಟ್ಟೆಯಲ್ಲಿ ಮೂರು ಕಿಡ್ನಿ.

ಔಷಧಿ ಬಂದದ್ದೇ ತಡ, ದಂಧೆಯೂ ಶುರುವಾಯಿತು. ಎಂಬತ್ತರ ದಶಕದಿಂದ ಬಡವರ ಕಿಡ್ನಿ ದುಡ್ಡಿಗೆ ಬಿಕರಿಯಾಗತೊಡಗಿತು. ಬೆಂಗಳೂರಿನ ಹೆಸರೂ ಅದರಲ್ಲಿ ಕೆಟ್ಟಿತು. 1994ರ ಮಾನವ ಅಂಗಾಂಗ ಕಸಿ ಕಾಯ್ದೆ ಮಾರಾಟವನ್ನು ಅಪರಾಧವೆಂದಿತು. ಬದುಕಿರುವವರು ಕೊಡುವುದಾದರೆ ಹತ್ತಿರದ ರಕ್ತಸಂಬಂಧಿಗಳೋ ಗಂಡ ಹೆಂಡತಿಯೋ ಆಗಿರಬೇಕು, ಹೊರಗಿನವರಾದರೆ ಸಮಿತಿಯ ಮುಂದೆ ನಿಲ್ಲಬೇಕು. 2011ರ ತಿದ್ದುಪಡಿ ಅಜ್ಜ ಅಜ್ಜಿ, ಮೊಮ್ಮಕ್ಕಳನ್ನೂ ಸೇರಿಸಿತು. ರಕ್ತದ ಗುಂಪು ಕೂಡದ ಎರಡು ಕುಟುಂಬಗಳು ದಾನಿಗಳನ್ನು ಅದಲುಬದಲು ಮಾಡಿಕೊಳ್ಳಲೂ ಅವಕಾಶ ಕೊಟ್ಟಿತು. ಕಾಯ್ದೆ ಒಳ್ಳೆಯದೇ. ಆದರೆ ಭಾರವೆಲ್ಲ ಮನೆಯ ಮೇಲೆ ಬಿತ್ತು, ಮನೆಯಲ್ಲಿ ಹೆಣ್ಣಿನ ಮೇಲೆ. 'ಡಾಕ್ಟರ್ ಸಾಹೇಬ್ರೆ, ನಂದು ಕೂಡ್ತದ ಏನ್ರೀ?' ಎಂದು ಮೊದಲು ಕೇಳುವವಳು ತಾಯಿ, ಇಲ್ಲವೇ ಹೆಂಡತಿ. 2023ರಲ್ಲಿ ದೇಶದಲ್ಲಿ ನಡೆದ 13,426 ಕಿಡ್ನಿ ಕಸಿಗಳಲ್ಲಿ 11,791 ಬದುಕಿದ್ದವರು ಕೊಟ್ಟವು. ಹೀಗೆ ಬದುಕಿದ್ದು ಅಂಗ ಕೊಡುವವರಲ್ಲಿ ನೂರಕ್ಕೆ ಅರವತ್ತಕ್ಕೂ ಹೆಚ್ಚು ಮಂದಿ ಹೆಂಗಸರು. ಪಡೆಯುವವರಲ್ಲಿ ಗಂಡಸರೇ ಹೆಚ್ಚು. ಇದನ್ನು ತ್ಯಾಗ ಎಂದು ಹೊಗಳುವುದು ಸುಲಭ. ಆ ಮನೆಗಳ ಗಂಡಸರಲ್ಲಿ ಎಷ್ಟು ಜನ ಪರೀಕ್ಷೆಗೆ ಮುಂದೆ ಬಂದಿದ್ದರು ಎಂದು ಕೇಳುವವರಿಲ್ಲ.

ಮನೆಯಲ್ಲಿ ಯಾರದೂ ಕೂಡದಿದ್ದರೆ ಉಳಿಯುವುದು ಕಾಯುವ ಪಟ್ಟಿ. ಆಸ್ಪತ್ರೆಯಲ್ಲಿರುವ ಒಬ್ಬರ ಮಿದುಳು ನಿಷ್ಕ್ರಿಯವಾಗಿದೆ ಎಂದು ನಾಲ್ವರು ವೈದ್ಯರು ಆರು ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಬರೆದುಕೊಟ್ಟ ಮೇಲೆ, ಮನೆಯವರು ಒಪ್ಪಿದರೆ, ಅಂಗಗಳು ಪಟ್ಟಿಯಂತೆ ಹಂಚಿಕೆಯಾಗುತ್ತವೆ. ಕರ್ನಾಟಕದಲ್ಲಿ ಈ ಪಟ್ಟಿ ನೋಡಿಕೊಳ್ಳುವುದು ಜೀವಸಾರ್ಥಕತೆ ಸಂಸ್ಥೆ. 2023ರಲ್ಲಿ ರಾಜ್ಯದ 178 ಕುಟುಂಬಗಳು ಹೀಗೆ ಒಪ್ಪಿದವು.

ಕಲಬುರಗಿಯವರಿಗೆ ತೊಡಕು ಇರುವುದು ಇಲ್ಲೇ. ಐಸ್ ಪೆಟ್ಟಿಗೆಯಲ್ಲಿ ಕಿಡ್ನಿ ಒಂದು ದಿನ, ಹೆಚ್ಚೆಂದರೆ ಒಂದೂವರೆ ದಿನ ತಾಳುತ್ತದೆ. ಬೇಗ ಕೂರಿಸಿದಷ್ಟೂ ಒಳ್ಳೆಯದು. ರಾಜ್ಯದ ಕಸಿ ಆಸ್ಪತ್ರೆಗಳಲ್ಲಿ ಬಹುಪಾಲು ಬೆಂಗಳೂರಿನಲ್ಲಿವೆ. ನಡುರಾತ್ರಿ ಫೋನ್ ಬಂದರೆ ಕಮಲಾಪುರದವರು ಹೊರಟು ಸುಮಾರು ಆರುನೂರು ಕಿಲೋಮೀಟರ್ ಹೋಗಿ ರಕ್ತ ಕೊಟ್ಟು, ದಾನಿಯ ಅಂಗ ಕೂಡುತ್ತದೆಯೇ ಎಂದು ನೋಡುವ ಕ್ರಾಸ್‌ಮ್ಯಾಚ್ ಪರೀಕ್ಷೆಯ ಫಲಿತಾಂಶಕ್ಕೆ ಕಾಯಬೇಕು. ಹೈದರಾಬಾದ್ ಅದರ ಅರ್ಧಕ್ಕಿಂತ ಕಡಿಮೆ ದೂರ, ಸೊಲ್ಲಾಪುರ ಇನ್ನೂ ಹತ್ತಿರ. ನಿಜಾಮರ ಕಾಲದಿಂದಲೂ ದೊಡ್ಡ ಕಾಯಿಲೆಯೆಂದರೆ ಈ ಭಾಗದವರ ಕಾಲು ಹೈದರಾಬಾದ್ ಕಡೆಗೇ ಎಳೆಯುತ್ತದೆ. ಆದರೆ 1956ರಲ್ಲಿ ಎಳೆದ ರಾಜ್ಯದ ಗೆರೆ ಈ ಪಟ್ಟಿಗೂ ಗೆರೆಯಾಯಿತು: ಮೊದಲ ಪಾಲು ಆಯಾ ರಾಜ್ಯದವರಿಗೆ. ನೋಂದಣಿಗೆ ವಾಸಸ್ಥಳದ ಷರತ್ತು ತೆಗೆಯಿರಿ ಎಂದು ಕೇಂದ್ರ ಸರ್ಕಾರ ರಾಜ್ಯಗಳಿಗೆ ಹೇಳಿದ್ದು 2023ರ ಫೆಬ್ರವರಿಯಲ್ಲಿ. 65 ವರ್ಷದ ವಯೋಮಿತಿಯೂ ಆಗಲೇ ಹೋಯಿತು. ಹೆಸರು ಬರೆಸುವುದು ಬೇರೆ, ಸರದಿ ಬರುವುದು ಬೇರೆ ಎಂಬುದನ್ನು ಗಡಿಯವರಿಗೆ ಯಾರೂ ವಿವರಿಸಿ ಹೇಳಬೇಕಿಲ್ಲ.

ಪಟ್ಟಿ ಉದ್ದವಾದರೂ ಅಂಗ ಸಿಗುವ ಜಾಗ ಹತ್ತಿರವೇ ಇರಬಹುದಿತ್ತು. ಕಸಿ ಮಾಡದ ಆಸ್ಪತ್ರೆಯೂ ನೋಂದಣಿ ಮಾಡಿಸಿಕೊಂಡು ದಾನಿಯಿಂದ ಅಂಗ ತೆಗೆಯಬಹುದೆಂದು ಅದೇ 2011ರ ತಿದ್ದುಪಡಿ ಹೇಳಿದೆ. 1963ರಷ್ಟು ಹಿಂದೆಯೇ ರಾಂಪುರೆ ವೈದ್ಯಕೀಯ ಕಾಲೇಜು ಬಂದ ಊರು ಕಲಬುರಗಿ; ಜಿಮ್ಸ್, ಇಎಸ್‌ಐ ಕಾಲೇಜುಗಳೂ ಇವೆ. ತಲೆಗೆ ಪೆಟ್ಟಾಗಿ ಐಸಿಯು ಸೇರುವವರು ಇಲ್ಲೂ ಇದ್ದಾರೆ. ಆ ಮನೆಯವರ ಎದುರು ಕೂತು ಸಮಾಧಾನದಿಂದ ಮಾತಾಡಬಲ್ಲ ಸಂಯೋಜಕರು ಮೊದಲು ಬೇಕು. ಬಡಾವಣೆಗಳಲ್ಲಿ ಬ್ಯಾನರ್ ಕಟ್ಟಿದರೆ ಆಗುವ ಕೆಲಸವಲ್ಲ ಅದು.

ಸಕ್ಕರೆ ಕಾಯಿಲೆಯಿಂದಲೇ ಕಿಡ್ನಿ ಹೋದವರು 'ಶುಗರೂ ಹೋಗೂ ಹಂಗ ಮಾಡ್ರಿ' ಎಂದು ಕೇಳುವುದುಂಟು. ಅದಕ್ಕೂ ಕಸಿ ಇದೆ: ಕಿಡ್ನಿಯ ಜೊತೆ ಮೇದೋಜೀರಕ ಗ್ರಂಥಿ. 1966ರಲ್ಲಿ ಮಿನೆಸೊಟಾದಲ್ಲಿ ಶುರುವಾದದ್ದು. ಮುಖ್ಯವಾಗಿ ಟೈಪ್ 1 ಮಧುಮೇಹದವರಿಗೆ. ಆ ಗ್ರಂಥಿ ನಾಜೂಕು, ಐಸಿನಲ್ಲಿ ಅರ್ಧ ದಿನಕ್ಕಿಂತ ಹೆಚ್ಚು ಇಡುವಂತಿಲ್ಲ, ದಾನಿ ಕಡಿಮೆ ವಯಸ್ಸಿನವರಾಗಿರಬೇಕು. 2023ರಲ್ಲಿ ಇಡೀ ದೇಶದಲ್ಲಿ ನಡೆದದ್ದು 27.

ಇನ್ನು ದುಡ್ಡು. ಬಡವರ ದೊಡ್ಡ ಕಾಯಿಲೆಗಳಿಗೆ ವಾಜಪೇಯಿ ಆರೋಗ್ಯಶ್ರೀ ಯೋಜನೆ 2010ರಲ್ಲಿ ಮೊದಲು ಬಂದದ್ದು ಗುಲಬರ್ಗಾ ವಿಭಾಗಕ್ಕೇ. ಮುಂದೆ ಬಿಪಿಎಲ್ ಕುಟುಂಬಗಳಿಗೆ ಕಸಿ ಯೋಜನೆಯೂ ಬಂತು: ಕಿಡ್ನಿ ಶಸ್ತ್ರಚಿಕಿತ್ಸೆಗೆ 2 ಲಕ್ಷ, ನಂತರದ ಔಷಧಿಗೆ 1 ಲಕ್ಷ. ಈ ಎರಡನೆಯ ಅಂಕಿಯೇ ನಿಜವಾದ ಪ್ರಶ್ನೆ. ದೇಹ ಹೊಸ ಕಿಡ್ನಿಯನ್ನು ತಿರಸ್ಕರಿಸದಂತೆ ತಡೆಯುವ ಟ್ಯಾಕ್ರೊಲಿಮಸ್, ಮೈಕೊಫಿನೊಲೇಟ್ ಗುಳಿಗೆಗಳನ್ನು ಆ ಕಿಡ್ನಿ ಇರುವವರೆಗೂ ನುಂಗಬೇಕು, ಹೊತ್ತು ತಪ್ಪದೆ. ತಿಂಗಳಿಗೆ ಸಾವಿರಗಳ ಲೆಕ್ಕ. ಒಂದು ಲಕ್ಷ ಎಷ್ಟು ವರ್ಷ ಬಂದೀತು? ಮೊದಲ ವರ್ಷ ದಾಟುವ ಕಸಿ ಕಿಡ್ನಿಗಳು ನೂರಕ್ಕೆ ತೊಂಬತ್ತರಷ್ಟು. ಆಮೇಲೆ ಕೆಡುವ ಕಿಡ್ನಿಗಳಲ್ಲಿ ಒಂದಷ್ಟು ಕೆಡುವುದು ಗುಳಿಗೆ ತಪ್ಪಿದ್ದಕ್ಕೆ. ರಕ್ತದಲ್ಲಿ ಔಷಧಿಯ ಮಟ್ಟ ನೋಡುವ ಪರೀಕ್ಷೆ ಮೊದಲ ತಿಂಗಳುಗಳಲ್ಲಿ ಮತ್ತೆ ಮತ್ತೆ ಬೇಕು. ಅದಕ್ಕಾಗಿ ಆಸ್ಪತ್ರೆ ಪಕ್ಕ ಕೋಣೆ ಹಿಡಿದು ಕೂರುವ ಕುಟುಂಬಕ್ಕೆ ಬಾಡಿಗೆ ಕೊಡುವವರಾರು, ಊರಲ್ಲಿ ತೊಗರಿ ರಾಶಿ ಮಾಡುವವರಾರು? ತಾಲ್ಲೂಕು ಆಸ್ಪತ್ರೆಗಳಿಗೆ ಡಯಾಲಿಸಿಸ್ ಯಂತ್ರ ತಂದ ಸರ್ಕಾರ ಈ ರಕ್ತಪರೀಕ್ಷೆಯನ್ನೂ ಗುಳಿಗೆಯನ್ನೂ ಜಿಲ್ಲಾಸ್ಪತ್ರೆಯಲ್ಲೇ ತಪ್ಪದೆ ಕೊಡುವಂತಾದರೆ, ಬೆಂಗಳೂರಿನ ಓಡಾಟದಲ್ಲಿ ಅರ್ಧ ಕಡಿಮೆಯಾಗುತ್ತದೆ.