ರಾಡ್ ಕೆಟ್ಟಿದೆಯೋ, ಮರ ಸೋತಿದೆಯೋ?

1950ರಲ್ಲಿ ಕ್ಯಾಲಿಫೋರ್ನಿಯಾದ ಲಿಯೋ ಫೆಂಡರ್ ತಮ್ಮ ಮೊದಲ ಎಸ್ಕ್ವೈರ್ ಗಿಟಾರ್‌ಗಳನ್ನು ಮಾರುಕಟ್ಟೆಗೆ ಬಿಟ್ಟಾಗ ಅವುಗಳ ನೆಕ್‌ನೊಳಗೆ ಉಕ್ಕಿನ ಸರಳು ಇರಲಿಲ್ಲ. ಮೇಪಲ್ ಗಟ್ಟಿ ಮರ, ಅದಕ್ಕೆ ಬೇರೆ ಆಸರೆ ಯಾಕೆ ಎಂಬುದು ಅವರ ಲೆಕ್ಕ. ಲೆಕ್ಕ ತಪ್ಪಿತು. ನೆಕ್‌ಗಳು ಬಾಗತೊಡಗಿದವು, ಆ ವರ್ಷ ಮುಗಿಯುವುದರೊಳಗೆ ಟ್ರಸ್ ರಾಡ್ ಎಂಬ ಆ ಸರಳನ್ನು ಸೇರಿಸಬೇಕಾಯಿತು. ನೆಕ್‌ನ ಹಿಂಬದಿಯಲ್ಲಿ ಗಾಡಿ (ಉದ್ದನೆಯ ತೋಡು) ಕೊರೆದು, ರಾಡ್ ಇಳಿಸಿ, ಮೇಲೆ ವಾಲ್‌ನಟ್ ಮರದ ಪಟ್ಟಿ ಅಂಟಿಸಿ ಮುಚ್ಚಿದರು. ಫೆಂಡರ್ ನೆಕ್‌ಗಳ ಬೆನ್ನಿನಲ್ಲಿ ಕಾಣುವ ಕಂದು ಗೆರೆಯನ್ನು ಅಲಂಕಾರ ಎಂದುಕೊಂಡವರು ಬಹಳ ಜನ. ಅದು ರಾಡ್ ಒಳಗೆ ಹೋದ ದಾರಿ.

ಗಿಬ್ಸನ್ ಗಿಟಾರ್ ಕಂಪನಿಗೆ ಈ ವಿಚಾರ ಮೊದಲೇ ಗೊತ್ತಿತ್ತು. ಅಲ್ಲಿನ ಥ್ಯಾಡಿಯಸ್ ಮೆಕ್‌ಹ್ಯೂ ಅವರಿಗೆ ಹೊಂದಿಸಬಹುದಾದ ರಾಡ್‌ಗೆ 1923ರಲ್ಲೇ ಪೇಟೆಂಟ್ ಸಿಕ್ಕಿತ್ತು. ಮಾರ್ಟಿನ್ ಕಂಪನಿಯವರು ಮಾತ್ರ ತಿರುಗಿಸಲಾಗದ ಬಲಪಟ್ಟಿಯನ್ನೇ ನಂಬಿಕೊಂಡು 1985ರವರೆಗೆ ಕಾದರು.

ಇಷ್ಟೆಲ್ಲ ತಾಪತ್ರಯ ತಂತಿಗಳಿಂದ. ಸಾಮಾನ್ಯವಾಗಿ ಹಾಕುವ ‘ಹತ್ತರ’ ದಪ್ಪದ ಸೆಟ್ ತಂತಿಗಳನ್ನು ಶ್ರುತಿಗೆ ಏರಿಸಿದರೆ ಆರೂ ಸೇರಿ ಸುಮಾರು 45 ಕಿಲೋ ಬಲದಿಂದ ಎಳೆಯುತ್ತವೆ. ಹೆದೆಯೇರಿಸಿದ ಬಿಲ್ಲಿನಂತೆ ನೆಕ್ ತಂತಿಯ ಕಡೆಗೆ ಬಾಗುತ್ತದೆ. ಅದನ್ನು ಎದುರಿಸಲು ಒಳಗಿನ ರಾಡ್ ಬೇಕು. ಹಳೆಯ ಮಾದರಿಯಲ್ಲಿ ಒಂದೇ ಸರಳು, ಅದೂ ತುಸು ವಕ್ರವಾದ ಗಾಡಿಯಲ್ಲಿ. ನಡುಭಾಗ ನೆಕ್‌ನ ಬೆನ್ನಿನ ಹತ್ತಿರ, ತುದಿಗಳು ಫ್ರೆಟ್‌ಬೋರ್ಡಿನ ಹತ್ತಿರ. ಸರಳಿನ ತುದಿಯ ನಟ್ ಬಿಗಿದಾಗ ಅದು ನೆಟ್ಟಗಾಗಲು ಹೋಗಿ ನೆಕ್‌ನ ನಡುವನ್ನು ಮೇಲಕ್ಕೆ ನೂಕುತ್ತದೆ. ಈಗಿನ ಬಹಳಷ್ಟು ಗಿಟಾರ್‌ಗಳಲ್ಲಿ ಎರಡೂ ದಿಕ್ಕಿಗೆ ಕೆಲಸ ಮಾಡುವ ಜೋಡಿ ರಾಡ್ ಇರುತ್ತದೆ. ಎಡಕ್ಕೆ ತಿರುಗಿಸಿದರೆ ಒಂದು ಬಾಗು, ಬಲಕ್ಕೆ ತಿರುಗಿಸಿದರೆ ಇನ್ನೊಂದು.

ಈ ಜೋಡಿ ರಾಡ್ ಬಂದ ಮೇಲೆ ಹೊಸ ಗೊಂದಲವೂ ಬಂತು. ಎರಡು ದಿಕ್ಕುಗಳ ನಡುವೆ ನಟ್ ಏನೂ ಹಿಡಿಯದೆ ಸಲೀಸಾಗಿ ತಿರುಗುವ ಜಾಗವೊಂದಿದೆ. ನಟ್‌ಗೆ ಹಾಕಿದ ಅಲನ್ ಕೀ ತಿರುಗುತ್ತಿದೆ, ನೆಕ್ ಕದಲುತ್ತಿಲ್ಲ. ರಾಡ್ ಮುರಿಯಿತು ಎಂದು ಗಾಬರಿಯಾಗುವವರು ಇಲ್ಲೇ. ಇನ್ನೂ ಸ್ವಲ್ಪ ತಿರುಗಿಸಿದರೆ ಹಿಡಿತ ಸಿಗುತ್ತದೆ. ‘ರಾಡ್ ಹೋಗಿದೆ’ ಎಂದು ರಿಪೇರಿಗೆ ಬರುವ ಗಿಟಾರ್‌ಗಳಲ್ಲಿ ನಿಜಕ್ಕೂ ರಾಡ್ ಹೋಗಿರುವುದು ಕಡಿಮೆ ಎನ್ನುವುದು ನನ್ನ ಅನುಭವ. ನಟ್ ಹೋಗಿರುತ್ತದೆ, ಥ್ರೆಡ್ ಮುಗಿದಿರುತ್ತದೆ, ಮರ ಸೋತಿರುತ್ತದೆ. ಯಾವುದು ಎಂದು ತಿಳಿಯುವ ಮೊದಲೇ ಕೀ ಹಾಕಿ ಬಲ ಪ್ರಯೋಗಿಸಿದರೆ ಸಣ್ಣ ತೊಂದರೆ ದೊಡ್ಡದಾಗುತ್ತದೆ.

ಮೊದಲು ಅಳೆಯಬೇಕು. ಮೊದಲ ಫ್ರೆಟ್‌ಗೆ ಕ್ಯಾಪೋ ಹಾಕಿ, ದಪ್ಪ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಬೆರಳಿನಿಂದ ಒತ್ತಿ ಹಿಡಿದರೆ ತಂತಿಯೇ ನೇರಪಟ್ಟಿಯಾಗುತ್ತದೆ. ಏಳು ಅಥವಾ ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ಕಾಲು ಮಿಲಿಮೀಟರ್ ಆಸುಪಾಸಿನ ಸಂದು ಇದ್ದರೆ ಸರಿ. ಅದನ್ನು ಅಳೆಯಲು ದುಬಾರಿ ಉಪಕರಣ ಬೇಡ. ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಸೆಟ್ ಮಾಡುವ ಫೀಲರ್ ಗೇಜ್ ಸಾಕು. ಸಂದು ಒಂದು ಮಿಲಿಮೀಟರ್ ಸಮೀಪಿಸಿದೆ ಎಂದರೆ ನಡು ತಗ್ಗಿದೆ. ಸಂದೇ ಇಲ್ಲ, ತಂತಿ ನಡುವಿನ ಫ್ರೆಟ್‌ಗಳ ಮೇಲೆ ಮಲಗಿದೆ ಎಂದರೆ ನೆಕ್ ಹಿಂದಕ್ಕೆ ಬಾಗಿದೆ. ತಂತಿಯ ಎತ್ತರ ಇಳಿಸಲು ಟ್ರಸ್ ರಾಡ್ ಬಿಗಿಯುವವರೂ ಇದ್ದಾರೆ. ಎತ್ತರಕ್ಕೆ ಬ್ರಿಜ್ ಇದೆ. ರಾಡ್ ಇರುವುದು ಬಾಗನ್ನು ಹೊಂದಿಸಲು.

ಇನ್ನು ಕೀ. ಅಮೆರಿಕದಲ್ಲಿ ತಯಾರಾದ ಬಹಳಷ್ಟು ಫೆಂಡರ್‌ಗಳಿಗೆ 1/8 ಇಂಚಿನ ಅಲನ್ ಕೀ ಬೇಕು, ಅಂದರೆ 3.175 ಮಿ.ಮೀ. ನಮ್ಮ ಹಾರ್ಡ್‌ವೇರ್ ಅಂಗಡಿಗಳಲ್ಲಿ ಥಟ್ಟನೆ ಸಿಗುವುದು 3 ಮಿ.ಮೀ. ಕೀ. ಹಾಕಿದರೆ ಕೂರುತ್ತದೆ, ತಿರುಗಿಸಿದರೆ ಒಳಗಿನ ಆರು ಮೂಲೆಗಳನ್ನೂ ಸವೆಸುತ್ತದೆ. ರಾಡ್‌ಗೆ ಏನೂ ಆಗದೆ ನಟ್ ಮಾತ್ರ ಹಾಳಾಗಿ ಬರುವ ಗಿಟಾರ್‌ಗಳ ಹಿಂದೆ ಹೆಚ್ಚಾಗಿ ಇದೇ ಕಥೆ. ಸವೆದ ನಟ್‌ಗೆ ತುಸು ದೊಡ್ಡ ಟಾರ್ಕ್ಸ್ ಬಿಟ್ ಮೆಲ್ಲನೆ ಬಡಿದು ಕೂರಿಸಿ ಬಿಚ್ಚಬಹುದು. ನಟ್ ಬಿಡಿಯಾಗಿದ್ದರೆ ಹೊಸದು ಹಾಕಿದರಾಯಿತು. ಜೋಡಿ ರಾಡ್‌ಗಳಲ್ಲಿ ಹೆಚ್ಚಾಗಿ ನಟ್ ರಾಡ್‌ಗೇ ಬೆಸೆದಿರುತ್ತದೆ, ಅಲ್ಲಿ ಅಷ್ಟು ಸುಲಭವಿಲ್ಲ.

ಒಂದು ಗಿಟಾರ್ ವಿಚಾರ ಹೇಳುತ್ತೇನೆ. ನೆಕ್‌ನ ಬುಡದಲ್ಲಿ ನಟ್ ಇರುವ ಹಳೆಯ ವಿನ್ಯಾಸ. ಪ್ರತಿ ಸಲ ನಾಲ್ಕು ಸ್ಕ್ರೂ ಬಿಚ್ಚಿ ನೆಕ್ ಹೊರತೆಗೆಯಲೇಬೇಕು. ಮಾಲೀಕನಾದ ಹುಡುಗ, “ಅಣ್ಣಾ, ಎಷ್ಟು ಬಿಗಿದ್ರೂ ನೆಕ್ ಸರಿ ಹೋಗ್ತಿಲ್ಲ, ಇನ್ನೂ ಬಿಗಿದ್ರೆ ಮುರಿಯುತ್ತೇನೋ” ಎಂದ. ಅಷ್ಟಕ್ಕೆ ನಿಲ್ಲಿಸಿದ್ದು ಅವನ ಪುಣ್ಯ. ನಟ್ ಪೂರ್ತಿ ಬಿಚ್ಚಿದೆ. ರಾಡ್‌ನ ತುದಿಯಲ್ಲಿ ಥ್ರೆಡ್ ಕಪ್ಪಗೆ ಸರಿಯಾಗಿಯೇ ಇತ್ತು; ಆದರೆ ಥ್ರೆಡ್ ಮುಗಿಯುವ ಕಡೆ ಉಂಗುರದಂತೆ ಹೊಳೆಯುವ ಗುರುತು. ನಟ್ ಕೊನೆಯ ಸುತ್ತಿಗೆ ಬಂದು ಸರಳಿನ ಬರೀ ಮೈಗೆ ಒತ್ತಿಕೊಂಡಿತ್ತು. ಬಲವೆಲ್ಲ ಅಲ್ಲೇ ವ್ಯರ್ಥ, ಮರಕ್ಕೆ ಏನೂ ತಲುಪುತ್ತಿರಲಿಲ್ಲ. ನಟ್‌ನ ಹಿಂದಿದ್ದ ವಾಷರ್ ವರ್ಷಾನುಗಟ್ಟಲೆ ಒತ್ತಡಕ್ಕೆ ಮರದೊಳಗೆ ಹೂತುಹೋಗಿತ್ತು. ನಟ್ ಕೂರುವ ರಂಧ್ರಕ್ಕೆ ಹೊಂದುವ ಎರಡು ವಾಷರ್ ಸೇರಿಸಿ, ಥ್ರೆಡ್‌ಗೆ ತುಸು ಗ್ರೀಸ್ ಹಚ್ಚಿ ನಟ್ ಹಾಕಿದರೆ ಮತ್ತೆ ಒಂದೆರಡು ಸುತ್ತು ಸಿಕ್ಕಿತು. ಖರ್ಚು ಚಿಲ್ಲರೆ ಕಾಸು.

ಆದರೂ ನೆಕ್ಕನ್ನು ನಟ್‌ನ ಬಲದಿಂದಲೇ ನೆಟ್ಟಗೆ ಮಾಡಲು ಹೋಗಲಿಲ್ಲ. ನಡುವೆ ಮರದ ತುಂಡು ಕೊಟ್ಟು ಕ್ಲ್ಯಾಂಪ್ ಹಾಕಿ, ಮೊದಲು ನೆಕ್ಕನ್ನು ಬೇಕಾದ ಆಕಾರಕ್ಕೆ ತಂದು, ಆಮೇಲೆ ನಟ್ ಬಿಗಿಯುವುದು ಸರಿಯಾದ ಕ್ರಮ. ಬಾಗಿಸುವ ಕೆಲಸ ಕ್ಲ್ಯಾಂಪ್‌ನದು, ಹಿಡಿದಿಡುವ ಕೆಲಸ ರಾಡ್‌ನದು. ಹಳೆಯ ರಿಕನ್‌ಬ್ಯಾಕರ್ ಗಿಟಾರ್‌ಗಳಲ್ಲಂತೂ ಇದನ್ನು ಮೀರುವಂತೆಯೇ ಇಲ್ಲ. ಅವುಗಳಲ್ಲಿ ಅಕ್ಕಪಕ್ಕ ಎರಡು ರಾಡ್‌ಗಳಿದ್ದು, ನೆಕ್ಕನ್ನು ಕೈಯಿಂದ ಬಾಗಿಸಿ ಹಿಡಿಯದೆ ನಟ್ ಮಾತ್ರ ಬಿಗಿದರೆ ಫ್ರೆಟ್‌ಬೋರ್ಡ್ ಎದ್ದು ಬಂದೀತು.

ಗಿಟಾರ್ ನುಡಿಸುವಾಗ ಯಾವುದೋ ಒಂದು ಸ್ವರಕ್ಕೆ ಮಾತ್ರ ನೆಕ್‌ನೊಳಗಿಂದ ಗರ್ರ್ ಎಂಬ ಸದ್ದು ಬರುವುದುಂಟು. ಮುಷ್ಟಿಯಿಂದ ನೆಕ್‌ನ ಬೆನ್ನನ್ನು ತಟ್ಟಿದರೆ ಖಾತ್ರಿಯಾಗುತ್ತದೆ: ಸಡಿಲ ರಾಡ್ ಗಾಡಿಯೊಳಗೆ ಅದುರುತ್ತಿದೆ. ಬಹಳ ಸಲ ಕಾಲು ಸುತ್ತು ಬಿಗಿದರೆ ಸದ್ದು ಅಡಗುತ್ತದೆ. ಅಡಗದಿದ್ದರೆ ಫ್ರೆಟ್‌ಬೋರ್ಡಿನ ಚುಕ್ಕೆಯೊಂದನ್ನು ತೆಗೆದು, ಅದರ ಕೆಳಗೆ ಸಣ್ಣ ರಂಧ್ರ ಕೊರೆದು ತುಸು ಅಂಟು ಇಳಿಸುತ್ತಾರೆ. ಪಳಗಿದ ಕೈ ಬೇಕು. ಹೆಚ್ಚಾದರೆ ರಾಡೇ ಅಂಟಿಕೊಂಡೀತು.

ರಾಡ್ ನಿಜವಾಗಿ ಮುರಿಯುವುದು ಹೆಚ್ಚಾಗಿ ಥ್ರೆಡ್ ಇರುವ ಕಡೆ. ಲಕ್ಷಣ ಸ್ಪಷ್ಟ: ಬಿಗಿಯುವಾಗ ಟಕ್ ಎಂಬ ಸದ್ದು, ಆಮೇಲೆ ನಟ್ ಮುರಿದ ತುಂಡಿನ ಸಮೇತ ಕೈಗೆ. ಒಂಟಿ ರಾಡ್ ಆಗಿದ್ದರೆ ದಾರಿ ಇದೆ. ಟೊಳ್ಳು ಕಟ್ಟರ್‌ನಿಂದ ಸರಳಿನ ಸುತ್ತಲ ಮರ ಕೊರೆದು, ಉಳಿದ ತುದಿಗೆ ಹೊಸದಾಗಿ ಥ್ರೆಡ್ ಹಾಕಿ, ಒಳಗೆ ಸರಿಸಿದ ಜಾಗದಲ್ಲಿ ನಟ್ ಕೂರಿಸುತ್ತಾರೆ. ಅದಕ್ಕೂ ಆಗದಿದ್ದರೆ ಫ್ರೆಟ್‌ಬೋರ್ಡ್ ಎಬ್ಬಿಸಬೇಕು. ಇಸ್ತ್ರಿ ಪೆಟ್ಟಿಗೆಯ ಶಾಖದಿಂದ ಅಂಟು ಮೆತ್ತಗೆ ಮಾಡಿ, ತೆಳು ಬ್ಲೇಡನ್ನು ಬೆರಳು ಬೆರಳಷ್ಟೇ ಮುಂದೆ ನೂಕುತ್ತ ಹೋಗುವ ಕೆಲಸ. ಅವಸರ ಮಾಡಿದರೆ ಬ್ಲೇಡ್ ಮರದ ಎಳೆ ಹಿಡಿದು ಓರೆಗೆ ಇಳಿಯುತ್ತದೆ. ಬೋರ್ಡ್ ಎಬ್ಬಿಸಲು ಬಾರದ ಒಂದೇ ತುಂಡಿನ ಮೇಪಲ್ ನೆಕ್ ಆದರೆ ಹಿಂಬದಿಯ ವಾಲ್‌ನಟ್ ಪಟ್ಟಿಯನ್ನೇ ತೆಗೆಯಬೇಕು.

ಹೀಗೆ ಎಬ್ಬಿಸುವ ರೋಸ್‌ವುಡ್ ಫಲಕ ಎಷ್ಟೋ ಸಲ ನಮ್ಮ ಬೀಟೆಯದೇ. ಬ್ರೆಜಿಲ್‌ನ ರೋಸ್‌ವುಡ್ ದುರ್ಲಭವಾಗುತ್ತ ಬಂದಂತೆ 1960ರ ದಶಕದಲ್ಲಿ ಗಿಟಾರ್ ಕಂಪನಿಗಳು ಭಾರತದ ಬೀಟೆಯ ಕಡೆ ತಿರುಗಿದವು. ಪಶ್ಚಿಮ ಘಟ್ಟದ ಈ ಮರ ಸೇರಿದ ಡಾಲ್ಬರ್ಜಿಯಾ ಕುಲಕ್ಕೆಲ್ಲ 2017ರಲ್ಲಿ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ನಿರ್ಬಂಧ ಬಿದ್ದು, ಗಿಟಾರ್ ಗಡಿ ದಾಟಿಸುವುದೂ ತಲೆನೋವಾಗಿತ್ತು. ಸಿದ್ಧ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಬಂತು. ಹಳೆಯ ಫಲಕವನ್ನು ಸೀಳದೆ ಎಬ್ಬಿಸಿ ಅದನ್ನೇ ಮತ್ತೆ ಅಂಟಿಸುವುದು ಜಾಣತನ.

ರಾಡ್ ಚೆನ್ನಾಗಿದ್ದೂ ಮರ ಸೋತಿದ್ದರೆ ಬೇರೆ ಚಿಕಿತ್ಸೆ. ನೆಕ್ಕನ್ನು ಕ್ಲ್ಯಾಂಪ್ ಮಾಡಿ ಕಾಯಿಸಿ ತಣಿಯಲು ಬಿಡುತ್ತಾರೆ. ಕೆಲವು ನೆಕ್ ಹಾಗೇ ನಿಲ್ಲುತ್ತವೆ, ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಹಳೆಯ ಚಾಳಿಗೆ ಮರಳುತ್ತವೆ. ಮಂಗಳೂರಿನ ಜುಲೈ ತೇವವನ್ನೂ ಬೆಂಗಳೂರಿನ ಮಾರ್ಚ್ ಒಣಹವೆಯನ್ನೂ ಒಂದೇ ವರ್ಷದಲ್ಲಿ ಕಂಡ ನೆಕ್ ಒಂದಿಷ್ಟು ಅತ್ತಿತ್ತ ಆಗುವುದು ಸಹಜ, ಅದು ರೋಗವಲ್ಲ. ನನಗೆ ಹೆಚ್ಚು ನಂಬಿಕೆ ಇರುವುದು ಇನ್ನೊಂದು ವಿಧಾನದಲ್ಲಿ. ಹಳೆಯ ಫ್ರೆಟ್ ಕಿತ್ತು, ಸೀಳಿಗಿಂತ ಕೂದಲೆಳೆಯಷ್ಟು ದಪ್ಪ ಬುಡದ ಹೊಸ ಫ್ರೆಟ್ ಬಡಿದರೆ ಒಂದೊಂದೂ ಬೆಣೆಯಾಗಿ ನೆಕ್ಕನ್ನು ಹಿಂದಕ್ಕೆ ತಳ್ಳುತ್ತದೆ.

ಎಲ್ಲಿಯವರೆಗೆ ಖರ್ಚು ಮಾಡಬೇಕು ಎಂಬುದನ್ನು ನೆಕ್ ಹೇಗೆ ಕೂಡಿದೆ ಎನ್ನುವುದೇ ಹೇಳುತ್ತದೆ. ಸ್ಕ್ರೂ ಹಾಕಿದ ನೆಕ್ ಆದರೆ ಫ್ರೆಟ್‌ಬೋರ್ಡ್ ಎಬ್ಬಿಸುವ ಕೂಲಿಯಲ್ಲಿ ಬೇರೆ ನೆಕ್ಕೇ ಬಂದೀತು, ಬುಡದ ಅಗಲ (ಫೆಂಡರ್ ಅಳತೆಯಲ್ಲಿ ಸುಮಾರು 56 ಮಿ.ಮೀ.) ಮತ್ತು ತಂತಿಯ ಉದ್ದ ಹೊಂದಿದರೆ ಆಯಿತು. ಗಿಬ್ಸನ್‌ನ ಲೆಸ್ ಪಾಲ್‌ನಂತೆ ಅಂಟಿಸಿದ ನೆಕ್ ಆದರೆ ಆ ಸೌಲಭ್ಯವಿಲ್ಲ. ಹಾಗಾಗಿ ಅಂಥ ಗಿಟಾರ್ ಸೆಕೆಂಡ್‌ಹ್ಯಾಂಡ್ ಕೊಳ್ಳುವವರು ಬಣ್ಣ, ಪಿಕಪ್ ನೋಡುವ ಮೊದಲು ತಲೆಯ ಹತ್ತಿರದ ಪುಟ್ಟ ಮುಚ್ಚಳ ಬಿಚ್ಚಿಸಬೇಕು. ನಟ್ ರಾಡ್‌ನ ಕೊನೆಯ ಥ್ರೆಡ್‌ವರೆಗೆ ಬಂದು ನಿಂತಿದೆಯೇ ನೋಡಿ. ಸರಿಯಾದ ಕೀಯಿಂದ ಮೊದಲು ಕಾಲು ಸುತ್ತು ಸಡಿಲಿಸಿ, ಶ್ರುತಿ ಮಾಡಿ, ಸಂದು ಬದಲಾಯಿತೇ ಅಳೆಯಿರಿ, ಮತ್ತೆ ಇದ್ದಲ್ಲಿಗೇ ತನ್ನಿ. ಮಾರುವವರು ಮುಚ್ಚಳ ತೆಗೆಯಲು ಒಪ್ಪದಿದ್ದರೆ ರಾಡ್ ಕೆಟ್ಟಿದೆ ಎಂದೇ ಲೆಕ್ಕ ಹಾಕಿ ರಿಪೇರಿಯ ದುಡ್ಡನ್ನು ಬೆಲೆಯಲ್ಲಿ ಕಳೆಯಿರಿ.