ಒಂದು ರಾತ್ರಿಯ ನಿದ್ರೆಯನ್ನು ಓದುವ ಬಗೆ

ಮಾಲೂರು ತಾಲ್ಲೂಕಿನ ಮಾಸ್ತಿಯ ಕಡೆಯಿಂದ ಟೊಮೇಟೊ ಹೇರಿಕೊಂಡು ರಾತ್ರಿಯೇ ಹೊರಡುವ ಲಾರಿಯ ಚಾಲಕನೊಬ್ಬನನ್ನು ಊಹಿಸಿಕೊಳ್ಳೋಣ. ಅವನ ಗೊರಕೆಗೆ ಪಕ್ಕದ ಮನೆಯವರೂ ಎಚ್ಚರಗೊಳ್ಳುತ್ತಾರೆ. ಎಂಥ ಸುಖದ ನಿದ್ದೆ ಎಂದು ನಂಟರು ನಗುತ್ತಾರೆ. ಆದರೆ ಎದ್ದಿರುವಷ್ಟು ಹೊತ್ತೂ ಅವನಿಗೆ ತೂಕಡಿಕೆ. ಗೊರಕೆಯು ಸುಖನಿದ್ರೆಯ ಲಕ್ಷಣವೆಂಬುದು ನಮ್ಮಲ್ಲಿ ಬೇರೂರಿದ ತಪ್ಪು ತಿಳಿವಳಿಕೆ. ಕೆಲವರಲ್ಲಿ ಗಂಟಲಿನ ಹಾದಿ ಮತ್ತೆ ಮತ್ತೆ ಮುಚ್ಚಿ, ಉಸಿರು ಹತ್ತು ಸೆಕೆಂಡಿಗೂ ಮೀರಿ ನಿಂತು, ರಕ್ತದ ಆಮ್ಲಜನಕ ಇಳಿಯುತ್ತದೆ. ಮಿದುಳು ಕ್ಷಣಕಾಲ ಎಚ್ಚತ್ತು ಉಸಿರನ್ನು ಮರಳಿ ತರುತ್ತದೆ. ಬೆಳಗಾದಾಗ ಇದಾವುದೂ ನೆನಪಿರದು. ಇಂಥವನು ಲಾರಿ ನಡೆಸುವಾಗ ಅಪಾಯವು ಅವನೊಬ್ಬನಿಗೇ ಅಲ್ಲ.

ಇದನ್ನು ಕಂಡುಹಿಡಿಯುವ ಪರೀಕ್ಷೆಗೆ ಪಾಲಿಸೋಮ್ನೋಗ್ರಫಿ ಎಂದು ಹೆಸರು. ನಾವು ನಿದ್ರಾಲೇಖನ ಎನ್ನೋಣ. ಬೆಂಗಳೂರಿನ ನಿಮ್ಹಾನ್ಸ್ ಮೊದಲಾದೆಡೆಗಳಲ್ಲಿ ಇದಕ್ಕೆಂದೇ ಪ್ರಯೋಗಶಾಲೆಗಳಿವೆ. ತಲೆ, ಕಣ್ಣಿನ ಬದಿ, ಗದ್ದಗಳಿಗೆ ತಂತಿ, ಎದೆ ಹೊಟ್ಟೆಗಳಿಗೆ ಪಟ್ಟಿ, ಮೂಗಿಗೆ ನಳಿಗೆ, ಬೆರಳಿಗೆ ಆಮ್ಲಜನಕವನ್ನು ಅಳೆಯುವ ಸಾಧನ. ಇಷ್ಟೆಲ್ಲ ಕಟ್ಟಿಕೊಂಡರೆ ಯಾರಿಗೆ ನಿದ್ದೆ ಬಂದೀತು ಎಂದು ವಾಚಕರು ಕೇಳಬಹುದು. ಬಹುಮಂದಿಗೆ ಬರುತ್ತದೆ!

ಬಂದ ನಿದ್ದೆಯನ್ನು ಓದುವುದೇ ಕಷ್ಟದ ಕೆಲಸ. ಕಣ್ಣುಗುಡ್ಡೆಗಳು ಸರಸರನೆ ಚಲಿಸುವ ನಿದ್ರೆಯೊಂದುಂಟೆಂದು ಷಿಕಾಗೋದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ 1953ರಲ್ಲಿ ಪ್ರಕಟಿಸಿದರು. 1968ರಲ್ಲಿ ರೆಕ್‌ಶಾಫೆನ್ ಮತ್ತು ಕೇಲ್ಸ್ ಎಂಬವರ ಸಂಪಾದಕತ್ವದಲ್ಲಿ ನಿದ್ರೆಯ ಹಂತಗಳನ್ನು ಗುರುತಿಸುವ ಕೈಪಿಡಿ ಹೊರಬಂತು. 2007ರಲ್ಲಿ ಅಮೆರಿಕದ ನಿದ್ರಾವೈದ್ಯರ ಸಂಸ್ಥೆ ಹೊಸ ನಿಯಮಗಳನ್ನು ಮಾಡಿತು. ರಾತ್ರಿಯನ್ನು 30 ಸೆಕೆಂಡುಗಳ ತುಂಡುಗಳಾಗಿ ಕತ್ತರಿಸಿ ಒಂದೊಂದಕ್ಕೂ ಹಂತವನ್ನು ಬರೆಯಬೇಕು. ಎಂಟು ಗಂಟೆಗೆ 960 ತುಂಡುಗಳು. ಸೆಕೆಂಡಿಗೆ 10 ಮಿಲಿಮೀಟರಿನಂತೆ ಕಾಗದ ಓಡುತ್ತಿದ್ದ ದಿನಗಳಲ್ಲಿ ಒಬ್ಬನ ಒಂದು ರಾತ್ರಿ 288 ಮೀಟರು ಉದ್ದವಿರುತ್ತಿತ್ತು!

ಇಷ್ಟನ್ನು ಓದುವ ಕಣ್ಣು ದಣಿಯದೆ ಇರದು. ಅಷ್ಟೇ ಅಲ್ಲ, ಇಬ್ಬರು ತಜ್ಞರು ಓದಿದರೆ ಎರಡು ಲೆಕ್ಕ. ಬಹುಮಂದಿಯ ತೀರ್ಮಾನದೊಡನೆ ಒಬ್ಬೊಬ್ಬರ ತೀರ್ಮಾನವನ್ನು ಹೋಲಿಸಿ 2013ರಲ್ಲಿ ಪ್ರಕಟವಾದ ಅಮೆರಿಕದ ಪರಿಶೀಲನೆಯೊಂದರಲ್ಲಿ ನೂರಕ್ಕೆ ಸುಮಾರು 83ರಷ್ಟು ಮಾತ್ರ ಹೊಂದಿಕೆ ಕಂಡಿತು. ಎಚ್ಚರಕ್ಕೂ ನಿದ್ದೆಗೂ ನಡುವಣ ಜೊಂಪಿನ ಹಂತದಲ್ಲಿ ಅದು 63ಕ್ಕೆ ಇಳಿಯಿತು.

ಗಣಕಯಂತ್ರವಾದರೋ ದಣಿಯುವುದಿಲ್ಲ, ಒಂದೇ ಲೇಖನವನ್ನು ಹತ್ತು ಸಲ ಕೊಟ್ಟರೆ ಹತ್ತು ಸಲವೂ ಅದೇ ಉತ್ತರ. ತಜ್ಞರು ಓದಿದ ಸಾವಿರಾರು ರಾತ್ರಿಗಳನ್ನು ಉಣಿಸಿದಾಗ ಅದು ತಾನೇ ಓದಲು ಕಲಿಯುತ್ತದೆ. ಆದರೆ ತಪ್ಪನ್ನೂ ಅದು ಅಷ್ಟೇ ನಿಷ್ಠೆಯಿಂದ ಮಾಡುತ್ತದೆ. ಬೇಸಗೆಯಲ್ಲಿ ನೆತ್ತಿ ಬೆವರಿದರೆ ತಂತಿಗಳಲ್ಲಿ ಮಂದವಾದ ಅಲೆಗಳೇಳುತ್ತವೆ. ಯಂತ್ರ ಅದನ್ನು ಗಾಢನಿದ್ರೆಯೆಂದೀತು. ಮೂಗಿನ ನಳಿಗೆ ಜಾರಿದರೆ ಉಸಿರು ನಿಂತಿತೆಂದೀತು. ಅನುಭವಿಯಾದ ತಜ್ಞನು ಎದೆಯ ಪಟ್ಟಿ ಎಂದಿನಂತೆ ಏರಿಳಿಯುತ್ತಿರುವುದನ್ನೂ ಆಮ್ಲಜನಕ ಕದಲದಿರುವುದನ್ನೂ ನೋಡಿ, ಜಾರಿದ್ದು ನಳಿಗೆಯೇ ಎಂದು ಹೇಳುತ್ತಾನೆ. ಇನ್ನೊಂದು ತೊಡಕು: ಯಂತ್ರ ಬಲ್ಲದ್ದು ತಾನು ಕಂಡವರ ನಿದ್ರೆಯನ್ನು ಮಾತ್ರ. ವಯಸ್ಸಾದಂತೆ ಗಾಢನಿದ್ರೆಯ ಅಲೆಗಳು ಕುಗ್ಗುತ್ತವೆ. ಆದರೆ ಬಹುಕಾಲ ವಿಪಶ್ಯನಾ ಧ್ಯಾನ ಮಾಡಿದವರಲ್ಲಿ ಗಾಢನಿದ್ರೆ ಚೆನ್ನಾಗಿಯೇ ಉಳಿದಿರುವುದನ್ನು ನಿಮ್ಹಾನ್ಸಿನ ಸಂಶೋಧಕರು ಕಂಡಿದ್ದಾರೆ. ಎಲ್ಲರ ನಿದ್ರೆಯೂ ಒಂದೇ ಅಚ್ಚಿನದಲ್ಲ.

ಆದುದರಿಂದ ಈಗ ಮೊದಲ ಓದನ್ನು ಯಂತ್ರಕ್ಕೆ ಬಿಟ್ಟು, ಮೂಲದ ಅಲೆಗಳನ್ನು ನೋಡಿ ತಿದ್ದುವ ಅಧಿಕಾರವನ್ನು ತಜ್ಞನಿಗೆ ಕೊಡುತ್ತಾರೆ. 2018ರಲ್ಲಿ ಸ್ಟ್ಯಾನ್‌ಫರ್ಡಿನವರು ಪ್ರಕಟಿಸಿದ ಯಂತ್ರವು ಹಂತವನ್ನು ಹೇಳಿ ಸುಮ್ಮನಾಗದೆ, ಯಾವ ಹಂತದ ಸಾಧ್ಯತೆ ಎಷ್ಟೆಂಬುದನ್ನೂ ತಿಳಿಸುತ್ತದೆ. ನಮಗೆ ಇದು ಬಲು ಮೆಚ್ಚುಗೆಯಾದ ಗುಣ. ಸಂಶಯವಿರುವ ತುಂಡುಗಳ ಮೇಲೆ ತಜ್ಞನು ಹೆಚ್ಚು ಹೊತ್ತು ಕಣ್ಣಿಡಬಹುದು. ಆದರೂ ಯಂತ್ರ ಸಂಶಯವೇ ಇಲ್ಲದೆ ತಪ್ಪುವ ಪ್ರಸಂಗಗಳಿರುವುದರಿಂದ ಉಳಿದವುಗಳನ್ನೂ ತಿರುವಿ ನೋಡದೆ ಬಿಡುವಂತಿಲ್ಲ.

ನಮ್ಮ ಚಾಲಕನ ಲೆಕ್ಕವನ್ನೇ ಮಾಡಿ ನೋಡೋಣ. ಅವನು ಆರು ಗಂಟೆ ನಿದ್ರಿಸಿದನೆಂದೂ 84 ಸಲ ಉಸಿರು ತಡೆಯಿತೆಂದೂ ಯಂತ್ರ ಹೇಳಿತೆನ್ನಿ. ಗಂಟೆಗೆ 14, ರೋಗ ಲಘು. ಕೆಲವರಲ್ಲಿ ಎಚ್ಚರದ ಆಲ್ಫಾ ಅಲೆಗಳು ಸ್ಪಷ್ಟವಾಗಿ ಕಾಣವು. ಅವರು ಕಣ್ಣು ಮುಚ್ಚಿ ಸುಮ್ಮನೆ ಮಲಗಿದ್ದರೂ ಯಂತ್ರಕ್ಕೆ ಜೊಂಪಿನಂತೆ ತೋರಬಹುದು. ಹೀಗೆ ನಿದ್ದೆಯೆಂದು ಬರೆದುದರಲ್ಲಿ ಒಂದು ಗಂಟೆ ಎಚ್ಚರವೇ ಆಗಿತ್ತೆಂದು ತಜ್ಞನು ತಿದ್ದಿದ. ಆ ಗಂಟೆಯಲ್ಲಿ ಉಸಿರಿನ ತಡೆ ಒಂದೂ ಇರಲಿಲ್ಲ. ಈಗ 84ನ್ನು ಐದರಿಂದ ಭಾಗಿಸಬೇಕು: ಗಂಟೆಗೆ 16.8. ಗಡಿಯಾದ 15ನ್ನು ದಾಟಿ ರೋಗ ಮಧ್ಯಮ ದರ್ಜೆಗೆ ಏರಿತು. ತೂಕ ಇಳಿಸಿ, ಮಗ್ಗುಲಾಗಿ ಮಲಗಿ ಎಂಬಷ್ಟರಲ್ಲೇ ಮುಗಿಯಬಹುದಾಗಿದ್ದ ಸಲಹೆ, ಮೂಗಿನ ಮೂಲಕ ಗಾಳಿಯ ಒತ್ತಡ ಕೊಟ್ಟು ಗಂಟಲನ್ನು ತೆರೆದಿಡುವ ಯಂತ್ರದವರೆಗೂ ಹೋಗಬಹುದು.

ಮನೆಗೇ ತಂದು ಕಟ್ಟಿಕೊಳ್ಳುವ ಸಣ್ಣ ಉಪಕರಣಗಳೂ ಬಂದಿವೆ. ಅವುಗಳಲ್ಲಿ ಸಾಮಾನ್ಯವಾಗಿ ಮಿದುಳಿನ ತಂತಿಗಳಿರುವುದಿಲ್ಲ. ಆದ್ದರಿಂದ ಮಲಗಿದ ಹೊತ್ತನ್ನೆಲ್ಲ ಭಾಜಕವಾಗಿ ಹಿಡಿದು, ರೋಗವನ್ನು ಇರುವುದಕ್ಕಿಂತ ಕಡಮೆ ತೋರಿಸುವುದುಂಟು. ವರದಿಯಲ್ಲಿ ಏನೂ ಇಲ್ಲವೆಂದು ಬಂದು ತೂಕಡಿಕೆ ಮಾತ್ರ ಹೋಗದಿದ್ದರೆ, ಪ್ರಯೋಗಶಾಲೆಯಲ್ಲಿಯೇ ಒಂದು ರಾತ್ರಿ ಮಲಗಬೇಕೆಂದು ವೈದ್ಯರು ಹೇಳುತ್ತಾರೆ. ಮಾಸ್ತಿಯ ಚಾಲಕನು ಅದಕ್ಕಾಗಿ ಒಂದು ರಾತ್ರಿಯ ಬಾಡಿಗೆಯನ್ನು ಬಿಡಬೇಕಾಗುತ್ತದೆ.