ಬೆನ್ನುಗಾಳಿಗೆ ಒಂದು ಹಗುರಾದ ಹಾಯಿದೋಣಿ

ನಮ್ಮ ಶಾಲೆಯ ಹುಡುಗಿಯರು ವಿಜ್ಞಾನದ ತಾಸಿನಲ್ಲಿ ಚಿಕ್ಕ ಹಾಯಿದೋಣಿಗಳನ್ನು ಕಟ್ಟುತ್ತಿರುವರೆಂಬ ಸುದ್ದಿಯು ಪಾಲಕರಲ್ಲಿ ಕೆಲವರಿಗೆ ಸೇರಿಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಯು ಮುಂದಿರುವಾಗ ಇದೇನು ಆಟವೆಂದು ಒಬ್ಬರು ಕೇಳಿದರು. ಗಾಳಿ-ದೋಣಿಗಳ ಗೊಡವೆಯು ಹೆಣ್ಣುಮಕ್ಕಳಿಗೇತಕ್ಕೆಂದು ಮತ್ತೊಬ್ಬರು ಕೇಳಿದರು. ಎರಡನೆಯ ಪ್ರಶ್ನೆಗೆ ಉತ್ತರವು ಘಟ್ಟದ ಕೆಳಗಿನ ಗೋವೆಯಲ್ಲಿಯೇ ದೊರೆಯುವದು. 2017ನೆಯ ಸಪ್ಟಂಬರ 10ರಂದು ಭಾರತೀಯ ನೌಕಾದಳದ ಆರು ಮಂದಿ ಮಹಿಳಾ ಅಧಿಕಾರಿಗಳು ವರ್ತಿಕಾ ಜೋಶಿಯವರ ಮುಂದಾಳುತನದಲ್ಲಿ ‘ತಾರಿಣಿ’ಯೆಂಬ ಹಾಯಿನೌಕೆಯನ್ನೇರಿ ಅಲ್ಲಿಂದ ಹೊರಟರು, ಭೂಮಂಡಲವನ್ನು ಸುತ್ತಿ 2018ನೆಯ ಮೇ 21ರಂದು ಅಲ್ಲಿಗೇ ಮರಳಿದರು. 2024-25ರಲ್ಲಿ ದಿಲ್ನಾ ಮತ್ತು ರೂಪಾ ಎಂಬ ಇಬ್ಬರೇ ಅಧಿಕಾರಿಣಿಯರು ಅದೇ ನೌಕೆಯಲ್ಲಿ ಅದೇ ಸಾಹಸವನ್ನು ಮಾಡಿ ತೋರಿಸಿದರು. ದಕ್ಷಿಣ ಸಾಗರದ ಪಡುವಣ ಗಾಳಿಯನ್ನು ಬೆನ್ನಿಗಿಟ್ಟುಕೊಂಡು ಮೂಡಣಕ್ಕೆ ಸಾಗುವದೇ ಆ ಮಾರ್ಗದ ಮುಖ್ಯ ಭಾಗ. ಮೊದಲನೆಯ ಪ್ರಶ್ನೆಗೆ ಮುಂದಿನ ಬರಹವೇ ಉತ್ತರವಾಗಲಿ.

ನಮ್ಮ ಪಂದ್ಯದ ಕಟ್ಟಳೆಗಳು ಸ್ವಲ್ಪವೇ. ದೋಣಿಯು ಒಂದು ಅಡಿಗಿಂತ ಉದ್ದವಿರಬಾರದು. ನಿಂತ ನೀರಿನ ಮೇಲೆ, ಗಾಳಿಯು ಹಿಂದಿನಿಂದ ಬೀಸುತ್ತಿರುವಾಗ, ಯಾರೂ ಕೈಯಿಂದ ನೂಕದಂತೆ ಅದನ್ನು ಬಿಡತಕ್ಕದ್ದು. ಆಚೆಯ ದಡವನ್ನು ಮೊದಲು ಮುಟ್ಟಿದ್ದೇ ಗೆದ್ದಿತು.

ಅಪ್ಪಣೆಯಿದ್ದಷ್ಟೂ ಉದ್ದವನ್ನು ಬಳಸಿಕೊಳ್ಳುವದು ಮೊದಲನೆಯ ಜಾಣತನ. ದೋಣಿಯು ತಾನೇ ಎಬ್ಬಿಸಿದ ಅಲೆಗೆ ತಾನೇ ಸೆರೆಯಾಗುವದು. ವೇಗವು ಹೆಚ್ಚಿದಂತೆ ಆ ಅಲೆಯು ನೀಳವಾಗುತ್ತ ಹೋಗಿ ದೋಣಿಯಷ್ಟೇ ಉದ್ದವಾದಾಗ, ಮುಂದಿನ ಏರಿಗೂ ಹಿಂದಿನ ಏರಿಗೂ ನಡುವೆ ದೋಣಿಯು ಸಿಕ್ಕಿಕೊಂಡು ದಿಬ್ಬವನ್ನು ಹತ್ತುವ ಚಕ್ಕಡಿಯಂತೆ ತಿಣುಕುವದು. ಒಂದಡಿಯ ದೋಣಿಗೆ ಈ ಎಲ್ಲೆಯು ತಾಸಿಗೆ ಸುಮಾರು ಎರಡೂವರೆ ಕಿಲೋಮೀಟರ. ಅಂದರೆ ಸಾವಕಾಶವಾಗಿ ನಡೆಯುವವರ ವೇಗ. ಈ ಎಲ್ಲೆಯನ್ನು ಇಮ್ಮಡಿಸಬೇಕಾದರೆ ಉದ್ದವು ನಾಲ್ಕು ಪಟ್ಟಾಗಬೇಕು. ಇಂಥ ನಿಯಮಗಳನ್ನು ಅರಸುತ್ತ ವಿಲಿಯಂ ಫ್ರೌಡ್ (1810-1879) ಎಂಬ ಆಂಗ್ಲ ಎಂಜಿನಿಯರನು ಟಾರ್ಕಿ ಊರಿನಲ್ಲಿ ಉದ್ದನ್ನ ತೊಟ್ಟಿಯೊಂದನ್ನು ಕಟ್ಟಿಸಿ, ಮೇಣದ ಪುಟ್ಟ ದೋಣಿಗಳನ್ನು ಅದರಲ್ಲಿ ಎಳೆಸಿ ಅಳೆದನು. ಯುದ್ಧನೌಕೆಗಳ ಆಕಾರವು ಆ ಆಟಿಕೆಗಳಿಂದ ನಿಶ್ಚಿತವಾಯಿತು. ಆಟವೆಂದು ಕೇಳಿದ ಪಾಲಕರು ಇದನ್ನು ಗಮನಿಸಬೇಕೆಂದು ಬೇಡುವೆನು.

ಇನ್ನು ಭಾರದ ಮಾತು. ತೇಲುವ ವಸ್ತುವು ತನ್ನ ತೂಕದಷ್ಟೇ ನೀರನ್ನು ಬದಿಗೆ ತಳ್ಳುವದೆಂದು ಆರ್ಕಿಮಿಡೀಸನ ತತ್ವವನ್ನು ಎಲ್ಲ ಹುಡುಗಿಯರೂ ಬಾಯಿಪಾಠ ಹೇಳಬಲ್ಲರು. ಮೂವತ್ತು ಸೆಂಟಿಮೀಟರ ಉದ್ದ, ಎಂಟು ಸೆಂಟಿಮೀಟರ ಅಗಲವಿದ್ದು ಎರಡೂ ತುದಿಗಳಲ್ಲಿ ಸಪೂರವಾದ ದೋಣಿಯು ಒಂದು ಸೆಂಟಿಮೀಟರ ಮುಳುಗಲು ಹೆಚ್ಚುಕಡಿಮೆ ನೂರೈವತ್ತು ಗ್ರಾಂ ತೂಗಬೇಕು. ಎಪ್ಪತ್ತೈದೇ ಗ್ರಾಂ ಇದ್ದರೆ ಅರ್ಧ ಸೆಂಟಿಮೀಟರ ಮಾತ್ರ ಮುಳುಗೀತು. ಕಡಿಮೆ ಮುಳುಗಿದ ದೋಣಿಗೆ ನೀರು ತಗಲುವ ಮೈಯೂ ಕಡಿಮೆ, ಅದು ಎಬ್ಬಿಸುವ ಅಲೆಯೂ ಚಿಕ್ಕದು. ಪರೀಕ್ಷೆಯಲ್ಲಿ ಈ ತತ್ವವನ್ನು ಬರೆದ ಹುಡುಗಿಗೂ, ತಕ್ಕಡಿಯಲ್ಲಿ ತೂಗಿ ದೋಣಿಯ ಮೈಮೇಲೆ ನೀರಿನ ಗೆರೆಯನ್ನು ಮೊದಲೇ ಎಳೆದು ತೋರಿಸಿದ ಹುಡುಗಿಗೂ ಬಹಳ ಅಂತರವುಂಟು.

ಹಾಯಿಯ ವಿಷಯದಲ್ಲಿಯೇ ಹೆಚ್ಚು ತಪ್ಪುಗಳಾಗುವವು. ಎತ್ತರದ ಹಾಯಿಯು ನೋಡಲು ಚಂದ. ಆದರೆ ಬೆನ್ನುಗಾಳಿಗೆ ಅದು ಹಿತವಲ್ಲ. ಇಪ್ಪತ್ತು ಸೆಂಟಿಮೀಟರಿನ ಚೌಕ ಹಾಯಿಗೂ, ಹತ್ತು ಅಗಲ ನಾಲ್ವತ್ತು ಎತ್ತರದ ಹಾಯಿಗೂ ವಿಸ್ತಾರವು ಒಂದೇ, ನಾಲ್ಕು ನೂರು ಚದರ ಸೆಂಟಿಮೀಟರ. ಆದರೆ ಗಾಳಿಯು ನೂಕುವ ನಡುಬಿಂದುವು ಎರಡನೆಯದರಲ್ಲಿ ಇಮ್ಮಡಿ ಎತ್ತರದಲ್ಲಿರುವದರಿಂದ ದೋಣಿಯನ್ನು ಮುಗ್ಗರಿಸುವ ಬಲವೂ ಇಮ್ಮಡಿಯಾಗುವದು. ಮೂತಿಯು ನೀರೊಳಗೆ ಹೊಕ್ಕಿತೋ ಪಂದ್ಯವು ಮುಗಿದಂತೆಯೇ. ಆದಕಾರಣ ಹಾಯಿಯು ಅಗಲವಾಗಿ ತಗ್ಗಿನಲ್ಲಿರಲಿ, ಭಾರವು ತುಸು ಹಿಂದಕ್ಕಿರಲಿ. ಮತ್ತೊಂದು ಸಂಗತಿ: ದೋಣಿಯು ಓಡತೊಡಗಿದ ಕೂಡಲೆ ಅದಕ್ಕೆ ತಗಲುವ ಗಾಳಿಯು ಕಡಿಮೆಯಾಗುವದು. ಗಾಳಿಯು ತಾಸಿಗೆ ಹತ್ತು ಕಿಲೋಮೀಟರ, ದೋಣಿಯು ಎರಡು ಎಂದರೆ ಹಾಯಿಗೆ ಸಿಕ್ಕುವದು ಎಂಟೇ. ಬಲವು ವೇಗದ ವರ್ಗದಂತೆ ಇರುವದರಿಂದ ನೂಕು ನೂರಕ್ಕೆ ಅರುವತ್ತುನಾಲ್ಕಕ್ಕೆ ಇಳಿಯುವದು. ಹಾಯಿಯಲ್ಲಿ ಜಿಪುಣತನ ಸಲ್ಲದೆಂಬದಕ್ಕೆ ಇದೇ ಕಾರಣ.

ಚುಕ್ಕಾಣಿ ಹಿಡಿಯುವವರಿಲ್ಲದ ದೋಣಿಯು ನೆಟ್ಟಗೆ ಹೋಗುವದು ಹೇಗೆ? ಬಾಣಕ್ಕೆ ಗರಿಯು ಹಿಂದೆ, ಗಾಡಿಗೆ ಎತ್ತು ಮುಂದೆ. ದೋಣಿಯ ತಳದಲ್ಲಿ ಹಿಂದುಗಡೆ ತೆಳ್ಳನ್ನ ಹಲಗೆಯ ರೆಕ್ಕೆಯೊಂದನ್ನು ನೆಡಬೇಕು; ಕೂವೆಮರವನ್ನು ನಡುವಿಗಿಂತ ಮುಂದಕ್ಕೆ ನಿಲ್ಲಿಸಬೇಕು. ಆಗ ಗಾಳಿಯು ದೋಣಿಯನ್ನು ಮುಂದಿನಿಂದ ಎಳೆದಂತಾಗಿ, ಓರೆಯಾದರೂ ಅದು ತಾನೇ ತಿರುಗಿ ಸರಿಯಾಗುವದು. ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ಪೌಲನಿದ್ದ ಹಡಗಿನವರು ಬಿರುಗಾಳಿಯಲ್ಲಿ ಮೊದಲು ಸರಕನ್ನೂ ಕಡೆಗೆ ಗೋದಿಯನ್ನೂ ಸಮುದ್ರಕ್ಕೆ ಚೆಲ್ಲಿ ಹಡಗನ್ನು ಹಗುರಮಾಡಿದರು. ಬಳಿಕ ಮುಂದಿನ ಹಾಯಿಯನ್ನೇ ಗಾಳಿಗೆ ಎತ್ತಿ ದಡದತ್ತ ನಡೆಸಿದರು. ಆ ನಾವಿಕರು ಮುಂದಿನ ಹಾಯಿಯನ್ನೇ ಏಕೆ ಎತ್ತಿದರೆಂದು ಸತ್ಯವೇದದ ತಾಸಿನಲ್ಲಿ ಒಬ್ಬಳು ತಾನಾಗಿ ಹೇಳಿದ್ದು ನನಗೆ ಬಹಳ ಸಂತೋಷವನ್ನುಂಟುಮಾಡಿತು.

ಸಾಮಗ್ರಿಗೆ ಪೇಟೆಯನ್ನು ಅಲೆಯಬೇಕಾಗಿಲ್ಲ. ಬೆಳಗಾವಿಗೆ ವೇಣುಗ್ರಾಮವೆಂಬ ಹಳೆಯ ಹೆಸರಿರಲು ಕೂವೆಮರಕ್ಕೆ ಬಿದಿರಿನ ಸೀಳಲ್ಲದೆ ಬೇರೇನು ಬೇಕು? ಮದುವೆಯ ಬಾಸಿಂಗಕ್ಕೆ ಬಳಸುವ ಬೆಂಡು ಅತಿ ಹಗುರು; ಆದರೆ ನೀರು ಕುಡಿಯುವದರಿಂದ ಮೇಣವನ್ನು ಸವರಬೇಕು. ಹಾಲವಾಣದ ಕಟ್ಟಿಗೆಯು ಅದಕ್ಕಿಂತ ಭಾರವಾದರೂ ಗಟ್ಟಿ. ಹಾಯಿಗೆ ಗಾಳಿಪಟದ ಕಾಗದವು ತೊಯ್ದರೆ ಹರಿಯುವದು. ಮುರಿದ ಕೊಡೆಯ ಅರಿವೆಯು ಎಲ್ಲಕ್ಕೂ ಉತ್ತಮ, ನಮ್ಮ ಮಳೆಯ ನಾಡಿನಲ್ಲಿ ಅದಕ್ಕೇನೂ ಬರವಿಲ್ಲ. ಥರ್ಮಾಕೋಲನ್ನು ನಿಷೇಧಿಸಿದ್ದೇವೆ, ಅದರ ಚೂರುಗಳು ಕೆರೆಯಲ್ಲಿಯೇ ಉಳಿಯುವವು. ಬಡಗಿಯಿಂದ ಮಾಡಿಸಿ ತಂದ ದೋಣಿಗೂ ಪ್ರವೇಶವಿಲ್ಲ. ಹಣವುಳ್ಳ ತಂದೆಯ ಮಗಳಿಗೂ, ಖಾನಾಪುರದ ಕಾಡಂಚಿನ ಹಳ್ಳಿಯಿಂದ ಬಂದು ವಸತಿಗೃಹದಲ್ಲಿರುವ ಹುಡುಗಿಗೂ ದಡವು ಒಂದೇ ದೂರದಲ್ಲಿರಬೇಕಷ್ಟೆ.

ಖಾನಾಪುರದ ಪಾಲಕರು ತಮ್ಮೂರಿನ ಮಲಪ್ರಭೆಯಲ್ಲಿಯೇ ಪಂದ್ಯವನ್ನಿಡಬಾರದೇ ಎಂದು ಕೇಳಿರುವರು. ಕಣಕುಂಬಿಯಲ್ಲಿ ಹುಟ್ಟಿ ಮೂಡಣಕ್ಕೆ ಹರಿದುಬರುವ ಆ ಹೊಳೆಯ ಮೇಲೆ ಮಳೆಗಾಲದ ಪಡುವಣ ಗಾಳಿಯೂ ಹೆಚ್ಚುಕಡಿಮೆ ಅದೇ ದಿಕ್ಕಿಗೆ ಬೀಸುವದು ನಿಜ. ಆದರೆ ಸೆಳವು ಹೊತ್ತೊಯ್ದ ದೋಣಿಯಿಂದ ಹಾಯಿಯ ಗುಣವು ತಿಳಿಯದು. ಬರಿಯ ಕಟ್ಟಿಗೆಯ ತುಂಡೂ ಅದರೊಡನೆ ಹೋದೀತು. ಅದಕ್ಕೂ ದೊಡ್ಡ ಕಾರಣವೆಂದರೆ ತುಂಬಿದ ಹೊಳೆಯ ದಂಡೆಗೆ ಮಕ್ಕಳನ್ನು ನಾನು ಕರೆದೊಯ್ಯಲಾರೆ. ನಿಂತ ನೀರೇ ನಮಗೆ ಸಾಕು. ಚಳಿಗಾಲದಲ್ಲಿ ಮೂಡಣ ಗಾಳಿಯು ಬೀಸುವ ದಿನ ಹೊರಡುವ ದಡವನ್ನೂ ಮುಟ್ಟುವ ದಡವನ್ನೂ ಅದಲುಬದಲು ಮಾಡುವೆವು. ಗಾಳಿಯ ದಿಕ್ಕನ್ನು ತಿಳಿಯಲು ಕೋಲಿಗೆ ಕಟ್ಟಿದ ಒಂದೆಳೆ ನೂಲನ್ನು ಎಂಟನೆಯ ಇಯತ್ತೆಯ ಹುಡುಗಿಯರು ಹಿಡಿದು ನಿಲ್ಲುವರು. ಅದು ಸುಮ್ಮನಾದರೆ ಮತ್ತೆ ಅಲುಗುವವರೆಗೆ ಎಲ್ಲರೂ ಕಾಯುವರು.